ಮದಾರಸಾಬನ ಮೊದಲ ಮೊಬೈಲ್ ಸ್ಟಾರ್ಟರ್

ಯಲಬುರ್ಗಾದ ಬಸ್ ಸ್ಟ್ಯಾಂಡ್ ಹಿಂದೆ ನನ್ನ ಝೆರಾಕ್ಸ್ ಅಂಗಡಿ. ಅದಕ್ಕೆ ಹತ್ತಿಕೊಂಡೇ ಮದಾರಸಾಬನ ಮೋಟಾರು ರಿವೈಂಡಿಂಗ್ ಅಂಗಡಿ, ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತುವುದು ಅವನ ಕೆಲಸ. ಇಪ್ಪತ್ತಾರು ವರ್ಷದಿಂದ ಅವನ ವಾರ್ನಿಶ್ ವಾಸನೆ ಕುಡಿದೇ ನಾನು ಬದುಕಿದ್ದೇನೆ. ಓಡುವ ಮೋಟಾರಿಗೆ ಸ್ಕ್ರೂ ಡ್ರೈವರಿನ ತುದಿ ತಾಗಿಸಿ, ಹಿಡಿಯನ್ನು ಕಿವಿಗೆ ಹಚ್ಚಿ ಕಣ್ಣು ಮುಚ್ಚುತ್ತಾನೆ. ಬೇರಿಂಗ್ ಹೋಗಿದೆ ಎಂದನೆಂದರೆ ಹೋಗಿಯೇ ಇರುತ್ತದೆ. ಆ ಕೆಲಸದಲ್ಲಿ ಅವನನ್ನು ಮೀರಿಸುವವರಿಲ್ಲ. ಉಳಿದ ವಿಷಯದಲ್ಲಿ ದೇವರೇ ಗತಿ.

ಹೋದ ವರ್ಷ ನಮ್ಮೆದುರಿಗೇ ಮೊಬೈಲ್ ಸ್ಟಾರ್ಟರ್ ಅಂಗಡಿಯೊಂದು ಬಂತು. ಹೊಲದ ಮೋಟಾರಿಗೆ ಒಂದು ಡಬ್ಬಿ, ಡಬ್ಬಿಯೊಳಗೆ ಒಂದು ಸಿಮ್ಮು. ಮನೆಯಲ್ಲಿ ಕೂತು ಆ ನಂಬರಿಗೆ ರಿಂಗ್ ಕೊಟ್ಟರೆ ಮೋಟಾರು ಚಾಲೂ, ಇನ್ನೊಮ್ಮೆ ಕೊಟ್ಟರೆ ಬಂದ್. ಇದನ್ನು ಕಲಿಯದಿದ್ದರೆ ಇನ್ನೆರಡು ವರ್ಷಕ್ಕೆ ನಮ್ಮ ಅಂಗಡಿಗೆ ಬೀಗ ಬೀಳುತ್ತದೆ ಎಂದು ಮದಾರಸಾಬನ ಡಿಪ್ಲೊಮಾ ಓದುವ ಮಗಳು ಅತೀಯಾ ಅಪ್ಪನಿಗೆ ಗಂಟುಬಿದ್ದಳು. ಐವತ್ತೆರಡರ ಮನುಷ್ಯ ರೊಟ್ಟಿ ಬುತ್ತಿ ಕಟ್ಟಿಕೊಂಡು ಐದು ದಿನ ಕೊಪ್ಪಳಕ್ಕೆ ತರಬೇತಿಗೆ ಹೋಗಿ ಬಂದ. ಪಾಠ ಹೇಳಿದ ಹುಡುಗಿ ತನಗೆ ಸರ್ ಅಂದಳೆಂದು ಒಂದು ವಾರ ನನ್ನ ತಲೆ ತಿಂದ.

ಹೊಸ ವಿದ್ಯೆಗೆ ಹೊಸ ಫೋನು, ಹೊಸ ನಂಬರು. ಹಳೆಯ ಫೋನಿನ ಹೆಸರುಗಳನ್ನೆಲ್ಲ ಅತೀಯಾ ಹೊಸದಕ್ಕೆ ಹಾಕಿಕೊಟ್ಟಳು. ಅವರೆಲ್ಲರ ನಂಬರು ತನಗೆ ಬಂದ ಮೇಲೆ ತನ್ನದೂ ಅವರಿಗೆ ಹೋಗಿಯೇ ಇರಬೇಕೆಂದು ಈ ಮಹಾಶಯ ತಿಳಿದುಕೊಂಡ. ಯಾರನ್ನೂ ಕೇಳಲಿಲ್ಲ. ನನ್ನನ್ನಾದರೂ ಕೇಳಬೇಡವೇ?

ಮೊದಲ ಡಬ್ಬಿಯನ್ನು ಬೇವೂರಿನ ಆದೆಪ್ಪ ಕೂಡಿಸಿಕೊಂಡ. ಸಿಮ್ ಬೇಕಲ್ಲ, ಮದಾರಸಾಬ ಧಾರಾಳ ಮನಸ್ಸಿನಿಂದ ತನ್ನ ಹಳೆಯ ಸಿಮ್ಮನ್ನೇ ಹಾಕಿಬಿಟ್ಟ. ಮಾಲೀಕನ ಫೋನಿನ ಮಾತು ಮಾತ್ರ ಕೇಳುವಂತೆ ಡಬ್ಬಿಗೆ ಹೇಳಿಡಬಹುದೆಂದು ತರಬೇತಿಯಲ್ಲಿ ಕಲಿಸಿದ್ದರು. ಕರೆದವರಿಗೆ ಓಗೊಡದಿರುವುದು ಎಲ್ಲಿಯ ಮರ್ಯಾದೆ ಎಂದು ಅದನ್ನು ಊರಿಗೆಲ್ಲ ತೆರೆದಿಟ್ಟು ಬಂದ.

ಹತ್ತು ದಿನಕ್ಕೆ ಆದೆಪ್ಪನ ಮೋಟಾರು ತನಗೆ ತಿಳಿದಾಗ ಓಡಿ, ತಿಳಿದಾಗ ನಿಲ್ಲತೊಡಗಿತು. ಉಳ್ಳಾಗಡ್ಡಿ ಹೊಲ ಕೆಸರಾಯಿತು. ಶುಕ್ರವಾರದೊಳಗೆ ಸರಿಮಾಡದಿದ್ದರೆ ಡಬ್ಬಿ ಕಿತ್ತು ಅಂಗಡಿ ಮುಂದೆ ಇಟ್ಟು ಹೋಗುತ್ತೇನೆ ಎಂದ ಆದೆಪ್ಪ. ಬೇವೂರಿನ ಇನ್ನೂ ಆರು ಮಂದಿ ಅವನನ್ನು ನೋಡಿಯೇ ಡಬ್ಬಿ ಹಾಕಿಸಬೇಕೋ ಬೇಡವೋ ಎಂದು ಕಾಯುತ್ತಿದ್ದರು. ಇತ್ತ ರಿವೈಂಡಿಂಗ್ ಕೆಲಸವೂ ನಿಂತಿತ್ತು, ಒಂದು ಫೋನೂ ಬರುತ್ತಿರಲಿಲ್ಲ. ಹಳೆಯದೂ ಹೋಯಿತು, ಹೊಸದೂ ಕೈಗೆ ಹತ್ತಲಿಲ್ಲ ಎಂದು ಮದಾರಸಾಬ ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತು ಕಣ್ಣು ಒರೆಸಿಕೊಂಡ. ನನಗೆ ನಿಜಕ್ಕೂ ಸಂಕಟವಾಯಿತು.

ಶುಕ್ರವಾರ ನಾನು, ಅವನು, ಅತೀಯಾ ಮೂವರೂ ಬೇವೂರಿಗೆ ಹೋದೆವು. ಮದಾರಸಾಬ ಸ್ಕ್ರೂ ಡ್ರೈವರ್ ಹಚ್ಚಿ ಡಬ್ಬಿಗೆ ಕಿವಿಗೊಟ್ಟ. ಪ್ಲಾಸ್ಟಿಕ್ ಡಬ್ಬಿ ಏನು ಹೇಳೀತು? ಆದೆಪ್ಪ ಬೇವಿನ ಗಿಡದ ಕೆಳಗೆ ಕೈಕಟ್ಟಿ ನಿಂತಿದ್ದ, ಅವನ ಫೋನು ಅವನ ಕಿಸೆಯಲ್ಲಿತ್ತು. ಅಷ್ಟರಲ್ಲಿ ಮೋಟಾರು ತಾನಾಗಿಯೇ ಎದ್ದು ನೀರು ಕಕ್ಕಿತು.

ಅತೀಯಾ ಮೇನ್ ಸ್ವಿಚ್ ಇಳಿಸಿ, ಡಬ್ಬಿಯ ಸಿಮ್ ತೆಗೆದು ತನ್ನ ಫೋನಿಗೆ ಹಾಕಿದಳು. ಐದು ನಿಮಿಷವಾಗಿರಲಿಲ್ಲ, ಫೋನು ರಿಂಗಾಯಿತು. ಮದಾರಸಾಬ ಗಾಬರಿಯಿಂದ ಮೋಟಾರಿನ ಕಡೆ ನೋಡಿದ. ಮಗಳು ಫೋನನ್ನು ಅವನ ಕೈಯಲ್ಲಿಟ್ಟಳು.

ಅಳವಂಡಿಯ ಹೊಳಿಯಮ್ಮ ಮಾತಾಡುತ್ತಿದ್ದಳು. ಅವಳ ಹೊಲದ ಮೋಟಾರನ್ನು ಇವನೇ ಎರಡು ಸಲ ಸುತ್ತಿಕೊಟ್ಟಿದ್ದ. "ಎಲ್ಲಿ ಹೋಗಿದ್ರಿ ಅಣ್ಣಾರ? ಎಂಟ ದಿನ ಆತು ಮೋಟಾರ ಸುಟ್ಟು. ಫೋನ್ ಹಚ್ಚೇ ಹಚ್ಚಾಕತ್ತೇನಿ, ನೀವು ಎತ್ತವಲ್ರಿ. ಬ್ಯಾರೆದವರ ಕೈಯಾಗ ಕೊಡಾಕ ಮನಸ ಬರವಲ್ದು."

ಆಮೇಲೆ ಕುಷ್ಟಗಿಯಿಂದ ಒಂದು, ಕೊಪ್ಪಳದ ಕಡೆಯಿಂದ ಎರಡು ಫೋನು ಬಂದವು. ಎಲ್ಲರದೂ ಅದೇ ದೂರು, ಎಲ್ಲರೂ ಹಚ್ಚುತ್ತಿದ್ದುದು ಹಳೆಯ ನಂಬರಿಗೇ. ಸುತ್ತಲಿನ ಊರುಗಳಲ್ಲಿ ಯಾರ ಮೋಟಾರು ಸುಟ್ಟರೂ ಆದೆಪ್ಪನ ಉಳ್ಳಾಗಡ್ಡಿಗೆ ನೀರು ಬೀಳುತ್ತಿತ್ತು! ನಾನು ಬದುವಿನ ಮೇಲೆ ಕುಸಿದು ನಕ್ಕೆ. ಆದೆಪ್ಪ ಮೊದಲು ಬೈದ, ಅರ್ಧ ಬೈಗುಳದಲ್ಲೇ ನಗು ತಡೆಯಲಾರದೆ ಕೂತುಬಿಟ್ಟ. ತನ್ನ ಮನೆಯಲ್ಲಿ ಬಿದ್ದಿದ್ದ ಇನ್ನೊಂದು ಸಿಮ್ಮನ್ನು ತರಿಸಿ ಕೊಟ್ಟ. ಮದಾರಸಾಬ ಈ ಸಲ ಮರ್ಯಾದೆಯ ಗೋಜಿಗೆ ಹೋಗಲಿಲ್ಲ, ಆದೆಪ್ಪನೊಬ್ಬನ ಮಾತು ಮಾತ್ರ ಕೇಳುವಂತೆ ಡಬ್ಬಿಗೆ ತಾಕೀತು ಮಾಡಿದ. ನಾಲ್ಕು ಸಲ ಪರೀಕ್ಷೆ ಮಾಡಿದೆವು, ನಾಲ್ಕು ಸಲವೂ ಮೋಟಾರು ಹೇಳಿದಂತೆ ಕೇಳಿತು. ಆದೆಪ್ಪ ಡಬ್ಬಿ ಕೀಳುವ ಮಾತೆತ್ತಲಿಲ್ಲ.

ಸಂಜೆ ಅಂಗಡಿಯ ಮೆಟ್ಟಿಲಲ್ಲಿ ಮದಾರಸಾಬನ ಹೆಂಡತಿ ಹುಸೇನಬೀ ಕಾಯುತ್ತಿದ್ದಳು. ಕೆಲಸ ಉಳಿಯಿತೋ ಹೋಯಿತೋ ಎಂದು ಕೇಳಿದಳು. ಮದಾರಸಾಬ ಚಪ್ಪಲಿ ಬಿಟ್ಟು ಅವಳ ಪಕ್ಕ ಕೂತು ನನ್ನ ಕಡೆ ನೋಡಿ ಹೇಳಿದ:

"ಕೆಲಸ ಎಲ್ಲೂ ಹೋಗಿದ್ದಿಲ್ಲ. ನಾನ ಹೊತ್ತಗೊಂಡು ಹೋಗಿ ಬೇವೂರಾಗ ಕೂಡಿಸಿ ಬಂದಿದ್ದೆ."