ಮಳಗಿಗೆ ಕಳಿಸಿದ ಅರ್ಧ ಗುಳಿಗೆ

ಆಗ ನನಗೆ ಇಪ್ಪತ್ತೇಳು ವರ್ಷ. ಐವತ್ತೇಳು ವರ್ಷದ ಹಿಂದಿನ ಪ್ರಯಾಣವಿದು. ದಾಂಡೇಲಿಯಿಂದ ಮುಂಡಗೋಡ ತಾಲೂಕಿನ ಮಳಗಿಗೆ ಹೊರಟಿದ್ದೆ. ತಂಗಿ ಗಂಗವ್ವನನ್ನು ನೋಡಲು ಅಂತ ನೆರೆಯವರಿಗೆ ಹೇಳಿದ್ದೆ. ನಿಜವಾಗಿ ಹೊರಟದ್ದು ಬೈಯಲು.

ನನ್ನ ಗಂಡ ಕಾಗದದ ಕಾರ್ಖಾನೆಯಲ್ಲಿ ಬಿದಿರು ಹೊರುತ್ತಿದ್ದ. ಅವನಿಗೆ ಕ್ಷಯ ಹಿಡಿದಿತ್ತು. ದವಾಖಾನೆಯವರು ಗುಳಿಗೆ ಕೊಡುತ್ತಿದ್ದರು. ಗಂಗವ್ವನಿಗೂ ಅದೇ ಕೆಮ್ಮು, ಅವಳ ಊರಲ್ಲಿ ದವಾಖಾನೆಯಿಲ್ಲ. ನಮ್ಮಲ್ಲಿ ಒಂದು ರೊಟ್ಟಿಯಿದ್ದರೆ ಮುರಿದು ಇಬ್ಬರು ತಿನ್ನುವುದು ರೂಢಿ. ಗುಳಿಗೆಯನ್ನೂ ಅಡಕತ್ತರಿಯಲ್ಲಿ ಎರಡು ಮಾಡಿದೆ. ಅರ್ಧ ಗಂಡನಿಗೆ, ಇನ್ನರ್ಧ ಊರ ಕಡೆ ಹೋಗುವವರ ಕೈಲಿ ತಂಗಿಗೆ. "ಕೊಡು, ಆಕೀನೂ ಬದುಕ್ಲಿ" ಎಂದು ಗಂಡನೇ ಹೇಳಿದ್ದ. ನಾಲ್ಕು ತಿಂಗಳು ಹೀಗೆ ನಡೆಯಿತು. ಅವನು ಮೊದಲು ಚೇತರಿಸಿಕೊಂಡ, ಆಮೇಲೆ ಮತ್ತೆ ರಕ್ತ ಕಾರಿದ. ತಂಗಿಯಂತೂ ಏಳಲೇ ಇಲ್ಲ. ಅವಳು ಸರಿಯಾಗಿ ನುಂಗುತ್ತಿಲ್ಲ ಎಂದು ನನಗೆ ಸಿಟ್ಟು.

ಬೆಳಿಗ್ಗೆ ಬಸ್ಸು ಬಿಟ್ಟಾಗ ಕಾಳಿ ಹೊಳೆಯ ಮೇಲೆ ಮಂಜು ನಿಂತಿತ್ತು. ತೇಗದ ಮರಗಳು ಒಂದೊಂದೇ ಬಂದು ಕಿಟಕಿಯಲ್ಲಿ ಇಣುಕಿ ಮಂಜಿನೊಳಗೆ ಹಿಂದೆ ಸರಿದವು. ಎಷ್ಟೋ ದಿನದ ಮೇಲೆ ಕಿವಿಯಲ್ಲಿ ಕೆಮ್ಮಿನ ಸದ್ದಿರಲಿಲ್ಲ. ಎಚ್ಚರವಿದ್ದೆನೋ ನಿದ್ದೆಯಲ್ಲಿದ್ದೆನೋ ತಿಳಿಯದು. ಹಳಿಯಾಳದಲ್ಲಿ ಚುರಮರಿ ತಿಂದು, ಚಹಾ ಕುಡಿದು ಬಸ್ಸು ಬದಲಿಸಿದೆ. ಕಲಘಟಗಿ, ತಡಸ ದಾಟಿ ಮುಂಡಗೋಡ ಮುಟ್ಟಿದಾಗ ಮಧ್ಯಾಹ್ನ. ಟಿಬೆಟ್ಟಿನಿಂದ ಬಂದವರ ಡೇರೆಗಳ ಮೇಲೆ ಬಣ್ಣಬಣ್ಣದ ಬಟ್ಟೆಗಳು ಗಾಳಿಗೆ ಆಡುತ್ತಿದ್ದವು. ಬೇರೆ ಯಾರದೋ ಕನಸಿನೊಳಗೆ ತಪ್ಪಿ ಹೊಕ್ಕಂತಾಯಿತು. ಮಳಗಿಗೆ ಹೊರಟಿದ್ದ ಗಾಡಿಯವ ಹತ್ತಿಸಿಕೊಂಡ. ದುಡ್ಡು ಬೇಡವೆಂದು ಎಲೆ ಅಡಿಕೆ ಕೇಳಿದ.

ಗಂಗವ್ವ ಕಟ್ಟೆಯ ಮೇಲೆ ಬಿಸಿಲಿಗೆ ಕೂತಿದ್ದಳು.

"ಗುಳಿಗಿ ನುಂಗತೀಯೋ, ಒಲಿಗೆ ಹಾಕತೀಯೋ?" ಅಂದೆ.

"ನುಂಗತೇನಕ್ಕಾ. ಅರ್ಧ."

"ಅರ್ಧ ಕಳಿಸಿದಾಕಿ ನಾನ."

"ಅದರಾಗ ಅರ್ಧ. ಉಳಿದದ್ದು ನಮ್ಮ ಅತ್ತೆವ್ವಗ. ಆಕಿಗೂ ಕೆಮ್ಮು ಐತಲ್ಲ, ನಾ ಒಬ್ಬಾಕಿ ಹೆಂಗ ನುಂಗ್ಲಿ?"

ಒಳಗಿನಿಂದ ಅವಳ ಅತ್ತೆ ಕೂಗಿದಳು: "ಭಾಳ ಕಹಿ ಐತವ್ವಾ ಅದು. ಮುಂದಿನ ಸಲ ಜೋಡಿ ಬೆಲ್ಲಾನೂ ಕಳಸು!"

ಮೂವರೂ ನಕ್ಕೆವು. ನಕ್ಕದ್ದಕ್ಕೆ ಅವರಿಬ್ಬರಿಗೂ ಕೆಮ್ಮು ಹತ್ತಿತು. ಬೈಯುವುದು ಹಾಗೇ ಉಳಿಯಿತು.

ಮರುದಿನ ತಂಗಿಯನ್ನು ಕರೆದುಕೊಂಡೇ ಹೊರಟೆ. ಅತ್ತೆ ಬರಲೊಲ್ಲೆ ಅಂದಳು. ಮುಂಡಗೋಡದ ಬಸ್ ನಿಲ್ದಾಣದಲ್ಲಿ ಒಬ್ಬ ನರ್ಸಬಾಯಿ, ಟಿಬೆಟ್ಟಿನ ಮುದುಕಿಗೆ ಗುಳಿಗೆ ನುಂಗಿಸಿ, ಬಾಯಿ ತೆರೆಸಿ, ನಾಲಿಗೆ ಎತ್ತಿಸಿ ನೋಡುತ್ತಿದ್ದಳು.

"ಕೂಸಿಗೆ ಮಾಡಿದಂಗ ಮಾಡತೀರಲ್ರಿ ಬಾಯಾರ!" ಅಂದೆ.

"ಕ್ಷಯದ್ದು ಹಂಗ ಐತ್ರಿ. ಅರ್ಧಮರ್ಧ ತಗೊಂಡ್ರ ರೋಗ ಸಾಯೂದಿಲ್ಲ, ಔಷಧಕ್ಕ ರೂಢಿ ಆಗಿಬಿಡತೈತಿ. ಆಮ್ಯಾಲ ಹಿಡಿಗಟ್ಟಲೆ ನುಂಗಿದ್ರೂ ಜಗ್ಗೂದಿಲ್ಲ. ಅವರಿಂದ ಯಾರಿಗೆ ಹತ್ತತೈತಿ, ಅವರಿಗೂ ಆ ಗುಳಿಗಿ ನಾಟೂದಿಲ್ಲ."

"ನಮ್ಮದು ಅರ್ಧಾನೂ ಅಲ್ಲ, ಕಾಲು," ಅಂದಳು ಗಂಗವ್ವ, ನನಗಷ್ಟೇ ಕೇಳುವಂತೆ.

ದಾರಿಯುದ್ದಕ್ಕೂ ಅವಳ ಬಿಸಿ ತಲೆ ನನ್ನ ಹೆಗಲ ಮೇಲಿತ್ತು. ಹಳಿಯಾಳ ಯಾವಾಗ ಬಂತು, ಯಾವಾಗ ಹೋಯಿತು ನೆನಪಿಲ್ಲ. ಹೊಲಗಳು ನೀರಿನಡಿ ಇದ್ದಂತೆ ಕಾಣುತ್ತಿದ್ದವು. ದಾಂಡೇಲಿಯಲ್ಲಿ ಇಳಿದಾಗ ಕಾರ್ಖಾನೆಯ ಹುಳಿ ವಾಸನೆ ಮೂಗಿಗೆ ಬಡಿದು ಎಚ್ಚರವಾಯಿತು.

ಗಂಡನಿಗೆ ಎಲ್ಲ ಹೇಳಿದೆ. ಅವನು ಹಾಸಿಗೆಯಲ್ಲಿ ಎದ್ದು ಕೂತ.

"ಡಾಕ್ಟರಿಗೆ ಹೇಳಬ್ಯಾಡ. ಹೇಳಿದ್ರ ಇದ್ದ ಔಷಧಾನೂ ಬಂದ್ ಮಾಡ್ಯಾರು."

"ಹೇಳದಿದ್ರ ನಾಟದ ಗುಳಿಗೀನ ಕೊಡಕೋತ ಇರ್ತಾರ," ಅಂದೆ.

ಮರುದಿನ ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ಇಬ್ಬರನ್ನೂ ಕರೆದುಕೊಂಡು ದವಾಖಾನೆಯ ಮುಂದೆ ನಿಂತೆ. ಡಾಕ್ಟರು ಬಂದರು. ಅವರು ಕುರ್ಚಿಯಲ್ಲಿ ಕೂಡುವವರೆಗೂ ತಡೆಯಲಿಲ್ಲ. "ಸಾಹೇಬ್ರ, ನೀವು ಒಬ್ಬಾಂವಗ ಕೊಟ್ಟೀರಿ. ಮೂರು ಮಂದಿ ತಿಂದಾರ್ರಿ. ಹಂಚಿದಾಕಿ ನಾನು," ಅಂದೆ.