ಬಸಕ್ಕ ಕೂತು ನೋಡದ ಸಿನಿಮಾ

ರಾಯದುರ್ಗದ ಬೆಟ್ಟದ ಅಂಚಿನಿಂದ ಸೂರ್ಯ ಇಣುಕುವಷ್ಟರಲ್ಲಿ ಬಸವರಾಜೇಶ್ವರಿ, ಎಲ್ಲರ ಬಾಯಲ್ಲಿ ಬಸಕ್ಕ, ಕೆಲಸ ಶುರು ಮಾಡಿಯಾಗಿದೆ. ಊರ ಹೊರಗಿನ ವಿಶ್ವವಿದ್ಯಾಲಯದ ಮೈದಾನದಲ್ಲಿ ಎರಡು ಕಬ್ಬಿಣದ ಕಂಬಗಳ ನಡುವೆ ಮನೆಗೋಡೆಯಷ್ಟು ದೊಡ್ಡ ಬಿಳಿ ಬಟ್ಟೆಯನ್ನು ಅರ್ಧಕ್ಕೆ ಎತ್ತಿ ಕಟ್ಟಿದ್ದಾರೆ. ಅದರ ಹಿಂದೆ ನಿಂತು, ಕಣ್ಣು ಕಿರಿದು ಮಾಡಿ, ಬಟ್ಟೆಯ ಆಚೆಗಿನ ಬೆಳಕನ್ನು ನೋಡುತ್ತಿದ್ದಾರೆ. ನನ್ನ ಕೈಯಲ್ಲಿ ಅವರ ಸೂಜಿ ಡಬ್ಬಿ ಇದೆ. ಅವರ ಬಗ್ಗೆ ಬರೆಯಲೆಂದು ಮಾತಾಡಿಸಲು ಬಂದವನಿಗೆ ಬಂದ ಕೂಡಲೇ ಕೆಲಸ ಹಚ್ಚಿದ್ದಾರೆ.

"ನೆಲದ ಮ್ಯಾಲೆ ಹಾಸಿದ್ರ ತೂತು ಕಾಣಂಗಿಲ್ರಿ. ಸೂರ್ಯನ್ನ ಹಿಂದ ನಿಂದ್ರಿಸಬೇಕು. ತಾನ ತೋರಸ್ತಾನ," ಎನ್ನುತ್ತಾರೆ. ಹೇಳಿದ ಹಾಗೇ ಬಿಸಿಲೇರಿದಂತೆ ಬಟ್ಟೆಯಲ್ಲಿ ಅಲ್ಲಲ್ಲಿ ಸಣ್ಣ ಚುಕ್ಕಿಗಳು ಮಿನುಗುತ್ತವೆ. ಒಂದೊಂದನ್ನೂ ಬೆರಳಿಟ್ಟು ಹಿಡಿದು ಹೊಲಿಯುತ್ತಾರೆ. ಎರಡು ಹೊಲಿಗೆಗೆ ಒಂದು ಸಲ ತಲೆಯೆತ್ತಿ ಬೆಳುಗುಪ್ಪದ ದಿಕ್ಕಿಗೆ ನೋಡುತ್ತಾರೆ. ಅಲ್ಲಿ ಗುಡ್ಡಗಳ ಮೇಲೆ ಗಾಳಿಯಂತ್ರಗಳಿವೆ. ಅವುಗಳ ರೆಕ್ಕೆ ಮೆಲ್ಲಗೆ ತಿರುಗಿದರೆ ಬಸಕ್ಕನಿಗೆ ಸಮಾಧಾನ. ಇವತ್ತು ರಭಸವಾಗಿಯೇ ತಿರುಗುತ್ತಿವೆ.

ಇವತ್ತು ಸಂಜೆ ಇಲ್ಲಿ ಸಿನಿಮಾ ಇದೆ. ತಿಂಗಳಿಗೊಮ್ಮೆ, ಶನಿವಾರ, ಎಲ್ಲರಿಗೂ ಪುಕ್ಕಟೆ. ಇತಿಹಾಸ ಕಲಿಸುವ ಉಮಾಮಹೇಶ್ವರ ಮೇಷ್ಟ್ರು ಮೂರು ವರ್ಷದ ಹಿಂದೆ ಹಚ್ಚಿಕೊಂಡ ಹುಚ್ಚು ಇದು. ಯಾವ ಯಾವುದೋ ದೇಶದ, ಮಾತು ಕಡಿಮೆ ಇರುವ ಚಿತ್ರಗಳನ್ನು ಹುಡುಕಿ ತರುತ್ತಾರೆ. ಗಡಿಯೂರಾದ್ದರಿಂದ ಮೊದಲು ಕನ್ನಡದಲ್ಲಿ, ಆಮೇಲೆ ತೆಲುಗಿನಲ್ಲಿ ನಾಲ್ಕು ಮಾತು ಹೇಳಿ ಸಿನಿಮಾ ಬಿಡುತ್ತಾರೆ. ವಿದ್ಯಾರ್ಥಿಗಳು ಕುರ್ಚಿಯಲ್ಲಿ ಕೂರುತ್ತಾರೆ, ಸುತ್ತಲ ಹಳ್ಳಿಯವರು ಗೋಣಿಚೀಲ, ಕಂಬಳಿ ತಂದು ಮುಂದೆ ಹಾಸಿಕೊಳ್ಳುತ್ತಾರೆ. ಗೇಟಿನಲ್ಲಿ ಯಾರೂ ಯಾರನ್ನೂ ಕೇಳುವುದಿಲ್ಲ.

ಹೋದ ತಿಂಗಳು ಅರ್ಧ ಸಿನಿಮಾದಲ್ಲಿ ಗಾಳಿ ಎದ್ದು ಪರದೆಯ ಮೂಲೆ ಹರಿದುಹೋಯಿತು. ವಿಶ್ವವಿದ್ಯಾಲಯದ ಮೇಲಿನವರಿಗೆ ಅಷ್ಟು ಸಾಕಾಯಿತು. ಇನ್ನೊಂದು ಸಲ ಪರದೆ ಹರಿದರೆ ಸಿನಿಮಾವನ್ನು ಒಳಗಿನ ಸಭಾಂಗಣಕ್ಕೆ ಸಾಗಿಸುವುದು ಎಂದು ತೀರ್ಮಾನವಾಗಿದೆ. ಅಲ್ಲಿ ತಂಪು ಗಾಳಿ ಇದೆ, ಮೆತ್ತನೆಯ ಕುರ್ಚಿ ಇದೆ. ಬಾಗಿಲಲ್ಲಿ ಗುರುತಿನ ಚೀಟಿ ತೋರಿಸಬೇಕು. ಕಂಬಳಿಯವರ ಬಳಿ ಇರುವುದು ಕಂಬಳಿ ಮಾತ್ರ.

ಬಸಕ್ಕನಿಗೆ ನಲವತ್ತೈದರ ಆಸುಪಾಸು. ಊರಿನ ಜೀನ್ಸ್ ಯೂನಿಟ್ಟಿನಲ್ಲಿ ಪ್ಯಾಂಟಿಗೆ ಸೊಂಟಪಟ್ಟಿ ಕೂರಿಸುವ ಕೆಲಸ. ದಿನಕ್ಕೆ ನೂರಕ್ಕೆ ಕಡಿಮೆಯಾದರೆ ಮೇಸ್ತ್ರಿಯ ಮುಖ ಗಂಟಾಗುತ್ತದೆ. ಸಂಜೆಗೆ ಉಗುರಿನ ಸಂದಿಯೆಲ್ಲ ನೀಲಿ, ಸೀನಿದರೂ ನೀಲಿ ಎಂದು ನಗುತ್ತಾರೆ. ಗಂಡ ಬಳ್ಳಾರಿಯಲ್ಲಿ ಬಟ್ಟೆ ತೊಳೆಯುವ ಘಟಕದಲ್ಲಿದ್ದಾರೆ, ವಾರಕ್ಕೊಮ್ಮೆ ಬರುತ್ತಾರೆ. ಇಷ್ಟನ್ನು ತಿಳಿಯುವಷ್ಟರಲ್ಲಿ ನನಗೆ ಸಾಕುಬೇಕಾಯಿತು. ಈಕೆ ಒಂದು ಕಡೆ ನಿಂತರೆ ತಾನೇ ಮಾತಾಡಿಸುವುದು!

ಮೂರು ವರ್ಷದ ಹಿಂದೆ ಮೇಷ್ಟ್ರು ಪರದೆ ಹೊಲಿದು ಕೊಡಿ ಎಂದು ಕೇಳಿದಾಗ ಯೂನಿಟ್ಟಿನ ಮಿಷನ್ನಿನಲ್ಲೇ, ಊಟದ ಬಿಡುವಿನಲ್ಲಿ, ಎರಡು ಅಗಲದ ಬಟ್ಟೆಯನ್ನು ಅಡ್ಡಕ್ಕೆ ಜೋಡಿಸಿ ಹೊಲಿದರು. ಅಂಚಿಗೆ ಮಿಕ್ಕ ಜೀನ್ಸ್ ತುಂಡು ಹಚ್ಚಿ, ಹಗ್ಗ ಪೋಣಿಸಲು ಪ್ಯಾಂಟಿಗೆ ಇರುವಂಥದ್ದೇ ಲೂಪುಗಳನ್ನು ಸುತ್ತಲೂ ಕೂರಿಸಿದರು. ಎಲ್ಲ ಸರಿ. ಮಿಷನ್ನಿಗೆ ಏರಿಸಿದ್ದ ದಾರವನ್ನು ಬದಲಿಸುವುದೊಂದು ಮರೆತರು. ಜೀನ್ಸಿನ ಕಿತ್ತಳೆ ದಾರ, ಜೀನ್ಸಿನ ಮೂರು ಸಾಲು ಹೊಲಿಗೆ, ಬಿಳಿ ಪರದೆಯ ನಟ್ಟನಡುವೆ.

"ಹೊಲಿಯಾಗ ಕಣ್ಣಿಗೆ ಬೀಳಲಿಲ್ಲ ನೋಡ್ರಿ. ದಿನಾ ಅದನ್ನ ನೋಡಿ ನೋಡಿ ಅದು ಬಣ್ಣ ಅಂತನ ಅನ್ಸಲಿಲ್ಲ. ಮ್ಯಾಲೆ ಬೆಳಕು ಬಿತ್ತು, ಒಬ್ಬಾಕಿ ಮಾರಿ ಬಂತು, ಹಣಿ ಮ್ಯಾಲೆ ಮೂರು ಗೆರಿ! ಭೂಮಿ ಬಾಯಿ ಬಿಡಬಾರದಾ ಅನ್ಸಿತ್ರಿ."

ಬಿಚ್ಚಿದರೆ ಬಟ್ಟೆ ಜಾಳಾಗುತ್ತದೆ, ಗಾಳಿಗೆ ನಿಲ್ಲುವುದಿಲ್ಲ. ಹಾಗಾಗಿ ಗೆರೆ ಉಳಿದಿದೆ. ಆವರಣದ ಸುತ್ತ ಕುರಿ ಮೇಯಿಸುವ ಜುಂಜಮ್ಮನಿಗೆ ಅದೇ ಇಷ್ಟ. ಒಂದು ಸಿನಿಮಾವನ್ನೂ ತಪ್ಪಿಸದ ಈ ಮುದುಕಿ ಹೇಳುತ್ತಾಳೆ: "ಯಾ ದೇಸದಾರ ಬರ್ಲಿ, ನಮ್ಮ ಪರದಿಗೆ ಬಂದ್ರ ಇಬೂತಿ ಹಚ್ಕಂಡ ಬರ್ತಾರ. ಬಣ್ಣ ಒಂದು ಕುಂಕುಮದ್ದು, ಅಷ್ಟ."

ಬಸಕ್ಕ ಬೆಳುಗುಪ್ಪದ ಕಡೆಯ ಹುಡುಗಿ. ಚಿಕ್ಕಂದಿನಲ್ಲಿ ಊರಿಗೆ ಟೆಂಟ್ ಸಿನಿಮಾ ಬರುತ್ತಿತ್ತು. ಇವರು ಟೆಂಟಿನ ಹರುಕಿನಲ್ಲಿ ಕಣ್ಣಿಟ್ಟು ನೋಡುತ್ತಿದ್ದರು. ಕಾವಲುಗಾರ ಕೋಲು ಹಿಡಿದು ಸುತ್ತು ಹಾಕುತ್ತಿದ್ದ, ಅವನು ಈ ಮಗ್ಗುಲಿಗೆ ಬಂದರೆ ಇವರು ಆ ಮಗ್ಗುಲಿಗೆ ಓಡಬೇಕು. "ಅವಾಗಿಂದ ಹಂಗ ಆಗಿ ಬಿಟ್ಟೈತ್ರಿ. ಒಂದು ಸಿನಿಮಾನೂ ಪೂರ್ತಿ ಕುಂತು ನೋಡಿಲ್ಲ. ಅವಾಗ ಅವನ ಕಾಟ, ಈಗ ಗಾಳಿ ಕಾಟ," ಎನ್ನುತ್ತಾರೆ. ನನಗೆ ಕೇಳಿ ಸಂಕಟವಾಗುತ್ತದೆ. ಅವರಿಗೆ ಸಂಕಟಕ್ಕೆ ಪುರಸೊತ್ತಿಲ್ಲ, ಆಗಲೇ ಇನ್ನೊಂದು ತೂತಿನ ಮುಂದಿದ್ದಾರೆ.

ಸಂಜೆ ಮಂದಿ ಸೇರಿದ್ದಾರೆ. ಗಾಳಿಯೂ ಸೇರಿದೆ. "ಏಂ ಕಾದು ಅಕ್ಕಾ, ಏನೂ ಆಗಲ್ಲ," ಎಂದು ಮೇಷ್ಟ್ರು ತೆಲುಗಿನಲ್ಲೂ ಕನ್ನಡದಲ್ಲೂ ಧೈರ್ಯ ಹೇಳುತ್ತಾರೆ. ಹೇಳುತ್ತಲೇ ತಾವೂ ಹಗ್ಗದ ಗಂಟನ್ನು ಎರಡು ಸಲ ಎಳೆದು ನೋಡುತ್ತಾರೆ. ಗಾಳಿ ಬಂದಾಗ ತೂರಿಕೋ ಎಂಬ ಗಾದೆಯನ್ನು ಇವತ್ತು ಬಸಕ್ಕನ ಮುಂದೆ ಯಾರೂ ಆಡಬಾರದು. ಕತ್ತಲಾದ ಕೂಡಲೇ ಸಿನಿಮಾ ಶುರುವಾಗುತ್ತದೆ. ಯಾವುದೋ ಗುಡ್ಡಗಾಡಿನ ಪುಟ್ಟ ಹುಡುಗಿ, ಕಳೆದುಹೋದ ತನ್ನ ಮೇಕೆಯನ್ನು ಹುಡುಕಿ ಹೊರಟಿದ್ದಾಳೆ. ಜುಂಜಮ್ಮ ಆಗಲೇ ಬಾಯ ಮೇಲೆ ಸೆರಗಿಟ್ಟು ಮುಂದಕ್ಕೆ ಬಾಗಿದ್ದಾಳೆ. ಮೇಕೆ ಕಳೆಯುವುದೆಂದರೇನೆಂದು ಅವಳಿಗೆ ಯಾರೂ ಕನ್ನಡದಲ್ಲಿ ಹೇಳಬೇಕಾಗಿಲ್ಲ.

ಬಸಕ್ಕ ಎಡಗಡೆಯ ಕಂಬದ ಬಳಿ ಹಗ್ಗದ ಮೇಲೆ ಕೈಯಿಟ್ಟು ನಿಂತಿದ್ದಾರೆ. ನನಗೆ ತಡೆಯಲಾಗದೆ, "ಹಗ್ಗ ನಾನು ನೋಡಿಕೊಳ್ಳುತ್ತೇನೆ, ನೀವು ಹೋಗಿ ಕೂತ್ಕೊಳ್ಳಿ," ಎಂದು ಬಲವಂತ ಮಾಡುತ್ತೇನೆ. ಹೋಗುತ್ತಾರೆ. ಜುಂಜಮ್ಮ ಕಂಬಳಿಯಲ್ಲಿ ಜಾಗ ಬಿಡುತ್ತಾಳೆ. ಬಸಕ್ಕ ಕೂರುತ್ತಾರೆ, ಕಾಲು ಮಡಿಸುತ್ತಾರೆ, ಪರದೆಯನ್ನು ನೋಡುತ್ತಾರೆ. ಹುಡುಗಿಯನ್ನಲ್ಲ, ಹೊಲಿಗೆಯನ್ನು. ಒಂದು ಹಾಡಿನಷ್ಟು ಹೊತ್ತೂ ಆಗಿರಲಿಕ್ಕಿಲ್ಲ, ಎದ್ದು ಬಂದುಬಿಡುತ್ತಾರೆ. "ಬಿಡ್ರಿ, ನಿಮ್ಮ ಕೈಗೆ ಗಾಳಿ ತಿಳಿಯಂಗಿಲ್ಲ."

ನಿಜವೇ. ಮರುಗಳಿಗೆಗೆ ದೊಡ್ಡದೊಂದು ಬೀಸು ಬರುತ್ತದೆ. ಪರದೆ ಉಬ್ಬಿ, ಹುಡುಗಿಯ ಮುಖ ಸೊಟ್ಟಗಾಗಿ, 'ಫಟ್' ಎಂದು ಸದ್ದಾಗುತ್ತದೆ. ಮುಂದೆ ಕೂತವರು ಅರ್ಧ ಏಳುತ್ತಾರೆ. ಕಿತ್ತದ್ದು ಲೂಪು, ಬಟ್ಟೆಯಲ್ಲ. ಬಸಕ್ಕ ಆಗಲೇ ಮೂಲೆಯನ್ನು ಮುಷ್ಟಿಯಲ್ಲಿ ಹಿಡಿದು ಕಂಬಕ್ಕೆ ಕಾಲು ಕೊಟ್ಟು ನಿಂತಿದ್ದಾರೆ. "ಆ ಕಡೆ ಹೋಗ್ರಿ! ಜಗ್ಗಬ್ಯಾಡ್ರಿ, ಗಾಳಿ ಕೇಳಿದಷ್ಟು ಬಿಡ್ರಿ, ಆಮ್ಯಾಲೆ ತಗೋರಿ!" ಎಂದು ನನ್ನನ್ನು ಓಡಿಸುತ್ತಾರೆ. ನಾನು ಬಲಗಡೆಯ ಹಗ್ಗ ಹಿಡಿದು ಬಿಡುತ್ತೇನೆ, ತೆಗೆದುಕೊಳ್ಳುತ್ತೇನೆ. ಅಂಗೈ ಉರಿಯುತ್ತದೆ. ಮುಂದೆ ಜನ ನಗುವುದು ಕೇಳಿಸುತ್ತದೆ, ಸುಮ್ಮನಾಗುವುದು ಕೇಳಿಸುತ್ತದೆ, ಯಾರೋ ಮೂಗು ಒರೆಸಿಕೊಳ್ಳುವುದೂ ಕೇಳಿಸುತ್ತದೆ. ನನ್ನ ಕಣ್ಣೆಲ್ಲ ಆ ಮೂರು ಗೆರೆಗಳ ಮೇಲೆ.

ಕೊನೆಗೆ ಚಪ್ಪಾಳೆ ಬೀಳುತ್ತದೆ. ಪರದೆ ಉಳಿದಿದೆ. ಮೇಷ್ಟ್ರು ಧ್ವನಿವರ್ಧಕದಲ್ಲಿ, ಮುಂದಿನ ತಿಂಗಳೂ ಇಲ್ಲೇ, ಇದೇ ಮೈದಾನದಲ್ಲಿ ಎಂದು ಎರಡು ಭಾಷೆಯಲ್ಲೂ ಕೂಗುತ್ತಾರೆ. ಬಸಕ್ಕ ಬೆರಳು ಬಿಡಿಸಿಕೊಳ್ಳುತ್ತಾ ನನ್ನ ಬಳಿ ಬಂದು ಕೇಳುತ್ತಾರೆ: "ಮೇಕಿ ಸಿಕ್ತೇನ್ರಿ?"

ನನಗೆ ಗೊತ್ತಿಲ್ಲ ಎನ್ನುತ್ತೇನೆ. ನಾಲ್ಕು ಪುಟ ಬರೆಯಲು ಬಂದವನು ನಾನು, ಮೇಕೆ ಸಿಕ್ಕಿತೋ ಇಲ್ಲವೋ ಅಷ್ಟನ್ನೂ ನೋಡಿಲ್ಲ.

"ನಿಮಗೂ ಹತ್ತಿತಲ್ರಿ ಈ ರೋಗ!" ಎಂದು ಬಸಕ್ಕ ಜೋರಾಗಿ ನಗುತ್ತಾರೆ.

ಜುಂಜಮ್ಮ ಕಂಬಳಿ ಕೊಡವುತ್ತಾ ಬರುತ್ತಾಳೆ. ಕಣ್ಣು ಕೆಂಪಗಾಗಿವೆ. "ಸಿಕ್ತಬೇ. ಸಿಕ್ತು. ಆದ್ರ ಹುಡುಗಿ ಅದನ್ನ ಮನಿಗೆ ಹೊಡ್ಕಂಡು ಬರ್ಲಿಲ್ಲ, ಅಲ್ಲೇ ಬಿಟ್ಟಳು."

"ಯಾಕ?"

"ಯಾಕ ಅಂದ್ರ ಹೆಂಗ ಹೇಳಲಿ? ಅದಕ್ಕ ನೀ ಕುಂತು ನೋಡಬೇಕಾಗಿತ್ತು."

ಬಸಕ್ಕ ಕಿತ್ತುಬಂದ ಲೂಪನ್ನು ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಾರೆ. "ನಾ ಕುಂತಿದ್ರ," ಎನ್ನುತ್ತಾರೆ, "ನೀ ನೋಡ್ತಿದ್ದಿ ಏನಬೇ?"

ಜುಂಜಮ್ಮ ಕಂಬಳಿಯನ್ನು ನೆಲಕ್ಕೆ ಹಾಕಿ, ಇಳಿಸಿದ ಪರದೆಯನ್ನು ಮಡಿಸಲು ಅದರ ಇನ್ನೊಂದು ತುದಿ ಹಿಡಿದುಕೊಳ್ಳುತ್ತಾಳೆ.