ಸಾಗವಾನಿ ಹೊಟ್ಟಿನ ಉಗಿ

ಮದುವೆಯಾಗಿ ನಾನು ಧಾರವಾಡದಿಂದ ಕಾಮಠಿಗೆ ಹೋದದ್ದು ಎಂಬತ್ತರ ದಶಕದ ಮೊದಮೊದಲ ವರ್ಷಗಳಲ್ಲಿ. ಊರಲ್ಲಿ ಯಾರಿಗೂ ಕಾಮಠಿ ಎಲ್ಲಿದೆಯೆಂದು ಗೊತ್ತಿರಲಿಲ್ಲ, ಹಾಗಾಗಿ ಕೇಳಿದವರಿಗೆಲ್ಲ ನಾಗಪುರ ಎಂದೇ ಹೇಳುತ್ತಿದ್ದೆವು. ನಮ್ಮವರು ಅಲ್ಲಿ ಕೈಮಗ್ಗದ ನೂಲಿಗೆ ಬಣ್ಣ ಹಾಕುವ ಸಣ್ಣ ಕಾರ್ಖಾನೆಯೊಂದರಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದರು. ಕಾರ್ಖಾನೆಯ ಹಿಂದೆ, ಅದೇ ಗೋಡೆಗೆ ಅಂಟಿಕೊಂಡ ಎರಡು ಕೋಣೆಯ ಮನೆ ನಮ್ಮದು. ನಾವಿಬ್ಬರು ಮತ್ತು ಅತ್ತೆ.

ಮುಂದಿನ ದೊಡ್ಡ ಮನೆಯಲ್ಲಿ ಮಾಲೀಕರಿದ್ದರು. ಅವರನ್ನು ಎಲ್ಲರೂ ಚಾಚಾ ಎನ್ನುತ್ತಿದ್ದರು, ಅವರ ಹೆಂಡತಿಯನ್ನು ಚಾಚಿ. ಚಾಚಿಗೂ ನಮ್ಮ ಅತ್ತೆಗೂ ಹೆಚ್ಚುಕಡಿಮೆ ಒಂದೇ ವಯಸ್ಸು. ಬಾವಿಕಟ್ಟೆಯ ಹತ್ತಿರ ದಿನಾ ಎದುರಾಗುತ್ತಿದ್ದರು, ನಗುತ್ತಿದ್ದರು, ಅಷ್ಟೇ. ಅತ್ತೆಗೆ ಹಿಂದಿ ಬಾರದು, ಚಾಚಿಗೆ ಕನ್ನಡ ಬಾರದು. ಮಡಿ ಮೈಲಿಗೆಯಲ್ಲಿ ಬೆಳೆದ ಅತ್ತೆ ಆ ಮನೆಯ ನೀರನ್ನೂ ಮುಟ್ಟುತ್ತಿರಲಿಲ್ಲ. ಚಾಚಿಗೆ ಅದು ತಿಳಿದಿತ್ತು. ಒಂದು ಸಲ ಚಹಾ ಕೊಡಲೇ ಎಂದು ಕೇಳಿ, ಅತ್ತೆ ಕೈ ಅಲ್ಲಾಡಿಸಿದ ಮೇಲೆ ಮತ್ತೆ ಕೇಳಲಿಲ್ಲ.

ಆ ದಿನಗಳ ನೆನಪೆಂದರೆ ನನಗೆ ಮೊದಲು ಕಪ್ಪು. ಬಾಯ್ಲರಿಗೆ ಕಲ್ಲಿದ್ದಲು ಹಾಕುತ್ತಿದ್ದರಲ್ಲ, ನಮ್ಮವರ ಅಂಗಿಯನ್ನು ಸೋಡಾದಲ್ಲಿ ನೆನೆಹಾಕಿದರೆ ನೀರು ಮಸಿಯಾಗುತ್ತಿತ್ತು. ಎಷ್ಟು ಸಲ ಬದಲಿಸಿದರೂ ಕಪ್ಪು ಬಿಡುತ್ತಲೇ ಇರುತ್ತಿತ್ತು. ದಿಂಬಿನ ಕವರಿನ ಮೇಲೆ ಅವರ ತಲೆಯ ಅಚ್ಚು ಮೂಡಿರುತ್ತಿತ್ತು. ಒಣಹಾಕಿದ ಹಪ್ಪಳದ ಮೇಲೂ ಸಣ್ಣ ಕರಿ ಚುಕ್ಕೆ.

ಒಂದು ಚಳಿಗಾಲದಲ್ಲಿ ಆ ಕಲ್ಲಿದ್ದಲೇ ಬರುವುದು ನಿಂತಿತು. ಗಣಿಗಳು ಕಾಮಠಿಯ ಮಗ್ಗುಲಲ್ಲೇ ಇದ್ದವು. ಕೋರಾಡಿಯ ವಿದ್ಯುತ್ ಕೇಂದ್ರಕ್ಕೆ ಹೋಗುವ ಕಲ್ಲಿದ್ದಲಿನ ವ್ಯಾಗನ್ನುಗಳು ಹಗಲೆಲ್ಲ ನಮ್ಮ ಕಣ್ಣೆದುರೇ ಹಾದುಹೋಗುತ್ತಿದ್ದವು. ಆದರೆ ನಮ್ಮಂಥ ಸಣ್ಣ ಕಾರ್ಖಾನೆಗೆ ಯಾವಾಗಲೋ ಒಂದು ಲಾರಿ ಬಂದರೆ ಅದರಲ್ಲಿ ಅರ್ಧ ಬರೀ ಕಲ್ಲು. ಬಾಯ್ಲರ್ ತಣ್ಣಗಾಯಿತು. ಉಗಿ ಇಲ್ಲದೆ ಬಣ್ಣದ ತೊಟ್ಟಿಗಳು ಕಾಯಲಿಲ್ಲ, ಬಣ್ಣದ ನೂಲಿಲ್ಲದೆ ಓಣಿಯ ಮಗ್ಗಗಳ ಸದ್ದು ಒಂದೊಂದಾಗಿ ನಿಂತಿತು. ಆ ಸದ್ದಿಗೆ ಎಷ್ಟು ಒಗ್ಗಿಹೋಗಿದ್ದೆನೆಂದರೆ, ಮಧ್ಯಾಹ್ನದ ಆ ಮೌನದಲ್ಲಿ ನನಗೆ ನಿದ್ದೆಯೇ ಹತ್ತುತ್ತಿರಲಿಲ್ಲ.

ಒಂದು ದಿನ ನಮ್ಮವರು ಯಾವುದೋ ವಾಲ್ವ್ ತರಲು ನಾಗಪುರದ ಇತವಾರಿ ಪೇಟೆಗೆ ಹೋದವರು, ಬರುವಾಗ ಟೆಂಪೊ ತುಂಬ ಗೋಣಿಚೀಲ ಹೇರಿಕೊಂಡು ಬಂದರು. ಚೀಲಗಳಲ್ಲಿ ಮರದ ಹೊಟ್ಟು. ಪೇಟೆಯಿಂದ ಸ್ವಲ್ಪ ಆಚೆ ಸಾಲಾಗಿ ಸಾ ಮಿಲ್ಲುಗಳಿದ್ದವು. ಚಾಂದಾ ಕಡೆಯ ಕಾಡಿನ ಸಾಗವಾನಿ ದಿಮ್ಮಿಗಳನ್ನು ಅಲ್ಲಿ ಸೀಳುತ್ತಿದ್ದರು. ಗರಗಸದ ಕೆಳಗೆ ಬಿದ್ದ ಹೊಟ್ಟನ್ನು ಎಲ್ಲಿ ಹಾಕುವುದೆಂದು ತಿಳಿಯದೆ ರಸ್ತೆ ಬದಿಯಲ್ಲಿ ಗುಡ್ಡೆ ಮಾಡಿ ಸುಡುತ್ತಿದ್ದರಂತೆ. ಇವರು ಕೇಳಿದ್ದಕ್ಕೆ, ಒಯ್ಯಿರಿ, ನಮಗೇ ಉಪಕಾರ ಎಂದರಂತೆ.

ಮರುದಿನವೇ ನಮ್ಮವರು ಮನೆಗೆ ಬಂದಾಗ ಹುಬ್ಬಿರಲಿಲ್ಲ, ಮೀಸೆ ಅರ್ಧ ಸುಟ್ಟಿತ್ತು. ನಾನು ಗಾಬರಿಯಾಗಿ ನಿಂತೆ. ಅತ್ತೆ ಒಳಗಿಂದ ತುಪ್ಪ ತಂದು ಮಗನ ಮುಖಕ್ಕೆ ಸವರತೊಡಗಿದರು.

"ಏನ್ ಮಾಡಿದಿ?"

"ಸಲಿಕಿಲೆ ಬಾಯ್ಲರಿಗೆ ಹೊಟ್ಟು ಒಗದೆ ಅವ್ವಾ. ಭಗ್ ಅಂತ ಬಾಗಲದಾಗಿಂದ ಹೊರಗ ಬಂತು."

"ಹೊಟ್ಟು ಒಗಿಯೋ ಪದಾರ್ಥ ಏನೋ? ನಮ್ಮ ಹೊಟ್ಟಿನ ಒಲಿ ಮರತಿ ಏನು? ಸಣ್ಣಾವಿದ್ದಾಗ ನೀನ ತುಳದು ತುಂಬತಿದ್ದಿ."

ಸುಟ್ಟ ಮುಖದಲ್ಲೇ ಅವರು ನಕ್ಕರು. ಧಾರವಾಡದಲ್ಲಿ ಎಷ್ಟೋ ಮನೆಗಳಲ್ಲಿ ಆ ಒಲೆ ಇರುತ್ತಿತ್ತು. ತಗಡಿನ ಡಬ್ಬಿಯ ನಡುವೆ ಒಂದು ಕೋಲು ನಿಲ್ಲಿಸಿ, ಸುತ್ತ ಹೊಟ್ಟನ್ನು ಗಟ್ಟಿಯಾಗಿ ಅದುಮಿ, ಕೋಲನ್ನು ಮೆಲ್ಲಗೆ ಮೇಲೆಳೆಯುವುದು. ಆ ತೂತಿನೊಳಗೆ ಗಾಳಿ ಆಡಿ ಹೊಟ್ಟು ನಿಧಾನವಾಗಿ ಉರಿಯುತ್ತದೆ. ಅಡಿಗೆಯೂ ಆಗುತ್ತದೆ, ಸ್ನಾನದ ನೀರೂ ಕಾಯುತ್ತದೆ.

ಆದರೆ ಬಾಯ್ಲರನ್ನು ಡಬ್ಬಿಯಂತೆ ತುಂಬುವುದು ಆಗದ ಮಾತು. ಹೊಟ್ಟು ಹಾರಬಾರದು, ಅದರ ನಡುವೆ ಗಾಳಿಯೂ ಆಡಬೇಕು. ನಮ್ಮವರು ಕೆಲವು ದಿನ ಊಟದ ತಟ್ಟೆಯ ಮುಂದೆಯೂ ಅದನ್ನೇ ಯೋಚಿಸುತ್ತಿದ್ದರು. ಭಂಡಾರಾ ಕಡೆಯ ಅಕ್ಕಿ ಗಿರಣಿಗಳಲ್ಲಿ ಭತ್ತದ ಹೊಟ್ಟನ್ನು ಸುಡುತ್ತಾರೆಂದು ಯಾರೋ ಹೇಳಿದರು. ಬಸ್ಸು ಹತ್ತಿ ನೋಡಿಬಂದರು. ಅಲ್ಲಿ ಒಲೆಯೊಳಗೆ ಕಬ್ಬಿಣದ ಪಟ್ಟಿಗಳನ್ನು ಮೆಟ್ಟಿಲಿನ ಹಾಗೆ ಇಳಿಜಾರಾಗಿ ಜೋಡಿಸಿದ್ದರಂತೆ. ಮೇಲಿನಿಂದ ಬಿಟ್ಟ ಹೊಟ್ಟು ಮೆಟ್ಟಿಲು ಮೆಟ್ಟಿಲಾಗಿ ಜಾರುತ್ತ ಉರಿಯುತ್ತದೆ, ಮೆಟ್ಟಿಲುಗಳ ಸಂದಿಯಿಂದ ಗಾಳಿ ಬರುತ್ತದೆ. ಬಂದವರೇ ನಮ್ಮ ಅಡಿಗೆಮನೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಅದರ ಚಿತ್ರ ಬರೆದರು. ಅತ್ತೆ ಅದನ್ನು ಎರಡು ದಿನ ಒರೆಸಲು ಬಿಡಲಿಲ್ಲ.

ವೆಲ್ಡಿಂಗ್ ಅಂಗಡಿಯವನನ್ನು ಹಿಡಿದು ಅಂಥದ್ದೊಂದು ಮಾಡಿಸಿ ಕೂರಿಸಿದರು. ಮೊದಲು ಮರದ ಚೂರುಗಳಿಂದ ಬೆಂಕಿ ಮಾಡಿ, ಆಮೇಲೆ ಹೊಟ್ಟು ಬಿಟ್ಟರು. ನಾನೂ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಬಹಳ ಹೊತ್ತು ಹೊಗೆಯೇ. ಚಾಚಾ ಕುರ್ಚಿ ಹಾಕಿಕೊಂಡು ಕೂತಿದ್ದರು. ಆಮೇಲೆ ಒಳಗಿನ ಸದ್ದು ಬದಲಾಯಿತು. ಚಾಚಾ ಎದ್ದುಹೋಗಿ ತೊಟ್ಟಿಗೆ ಹೋಗುವ ಕೊಳವೆಯ ಮೇಲೆ ಅಂಗೈ ಇಟ್ಟು, ಥಟ್ಟನೆ ತೆಗೆದರು.

"ಗರಮ್ ಹೈ," ಎಂದರು. ಬಂದು ನಮ್ಮವರ ಭುಜ ಗಟ್ಟಿಯಾಗಿ ಹಿಡಿದುಕೊಂಡರು.

ಅಂದಿನಿಂದ ನಮ್ಮ ಮನೆಯ ವಾಸನೆಯೇ ಬೇರೆಯಾಯಿತು. ಅಂಗಿಗಳಲ್ಲಿ ಸಾಗವಾನಿಯ ಪರಿಮಳ, ಹೊಸ ಬೀರುವಿನ ಬಾಗಿಲು ತೆಗೆದಂತೆ. ಸೋಡಾದ ನೀರು ಬರೀ ಕಂದು. ಬೂದಿ ಎಷ್ಟು ನುಣುಪಾಗಿತ್ತೆಂದರೆ ಅತ್ತೆಯೂ ಚಾಚಿಯೂ ಬಾವಿಕಟ್ಟೆಯಲ್ಲಿ ಅದರಿಂದಲೇ ಪಾತ್ರೆ ತಿಕ್ಕುತ್ತಿದ್ದರು. ಯಾರ ಚೆಂಬು ಹೆಚ್ಚು ಹೊಳೆಯುತ್ತದೆಂದು ಇಬ್ಬರೂ ಓರೆಗಣ್ಣಿಂದ ನೋಡಿಕೊಳ್ಳುತ್ತಿದ್ದುದು ನನಗೆ ಕಾಣುತ್ತಿತ್ತು.

ಹೊಟ್ಟಿನ ಒಂದೇ ತೊಂದರೆಯೆಂದರೆ ತೇವ. ಹಸಿ ಮರದ ಹೊಟ್ಟು ಬಂದರೆ ಪಕ್ಕದ ಮೈದಾನದಲ್ಲಿ ಹರವಿ ಒಣಗಿಸಬೇಕಿತ್ತು. ಮಳೆಗಾಲ ಹಿಡಿಯುವ ಮುಂಚೆ ಆದಷ್ಟು ಒಣಗಿಸಿ ಶೆಡ್ಡು ತುಂಬಿಸಬೇಕೆಂದು ಒಂದು ದಿನ ಮೈದಾನವೆಲ್ಲ ಹರವಿದ್ದರು. ಗಂಡಸರೆಲ್ಲ ಒಳಗೆ ನೂಲು ಅದ್ದುತ್ತಿದ್ದರು, ಕೈ ಬಿಡುವ ಹಾಗಿರಲಿಲ್ಲ. ಮಧ್ಯಾಹ್ನ ಇದ್ದಕ್ಕಿದ್ದಂತೆ ಗಾಳಿ ಎದ್ದು, ಕನ್ಹಾನ್ ನದಿಯ ಕಡೆಯಿಂದ ಮೋಡ ಕವಿದು ಬಂತು.

"ಭೂಸಾ, ಭೂಸಾ," ಎಂದು ಹೊಟ್ಟಿನತ್ತ ಕೈ ತೋರಿಸಿ ಕೂಗುತ್ತ ಚಾಚಿ ತಲೆಯ ಮೇಲಿನ ಸೆರಗು ಜಾರಿದ್ದೂ ಗೊತ್ತಿಲ್ಲದೆ ಓಡಿಬಂದರು. ಅತ್ತೆಗೆ ಆ ಮಾತು ಅರ್ಥವಾಗುವ ಅಗತ್ಯವೇ ಇರಲಿಲ್ಲ. ಹಾಸಿಗೆಯ ಮೇಲಿನ ಚಾದರವನ್ನೇ ಎಳೆದುಕೊಂಡು ಓಡಿದರು. ನಾನು, ನೇಕಾರರ ಮನೆಯ ಹೆಂಗಸರು, ಎಲ್ಲರೂ ಬುಟ್ಟಿ, ಮೊರ, ಸೀರೆ, ಕೈಗೆ ಸಿಕ್ಕಿದ್ದರಲ್ಲಿ ಬಾಚಿ ಶೆಡ್ಡಿಗೆ ಸುರಿದೆವು. ಕಣ್ಣು, ಮೂಗು, ಬಾಯಿ ತುಂಬ ಹೊಟ್ಟು. ಚಾದರದ ಒಂದು ತುದಿ ಅತ್ತೆಯ ಕೈಲಿ, ಇನ್ನೊಂದು ತುದಿ ಚಾಚಿಯ ಕೈಲಿ.

"ಜಲ್ದಿ, ಜಲ್ದಿ," ಎನ್ನುತ್ತಿದ್ದರು ಚಾಚಿ.

"ಬಂದ್ನೆವಾ, ಎಳೀಬ್ಯಾಡ," ಎನ್ನುತ್ತಿದ್ದರು ಅತ್ತೆ.

ಮುಕ್ಕಾಲು ಪಾಲು ಉಳಿಯಿತು. ಮಿಕ್ಕದ್ದು ಮಳೆಯಲ್ಲಿ ಕೆಂಪು ರಾಡಿಯಾಗಿ ಹರಿಯಿತು. ತೊಯ್ದು ತೊಪ್ಪೆಯಾದ ನಾವೆಲ್ಲ ಬಾಯ್ಲರಿನ ಕೋಣೆಗೆ ನುಗ್ಗಿ ಬಿಸಿಗೆ ಸೆರಗು ಒಡ್ಡಿಕೊಂಡು ನಿಂತೆವು. ಒಬ್ಬರನ್ನೊಬ್ಬರು ನೋಡಿ ನಗು ತಡೆಯಲಾಗಲಿಲ್ಲ. ಎಲ್ಲರ ಹುಬ್ಬಿನ ಮೇಲೂ ಹೊಟ್ಟು. ಚಾಚಿಯ ಮನೆಯಿಂದ ಚಹಾ ಬಂತು. ಚಾಚಿ ಎಲ್ಲರಿಗೂ ಕೊಟ್ಟು, ಅತ್ತೆಯನ್ನು ದಾಟಿ ಮುಂದೆ ಹೋದರು. ಅತ್ತೆ ಕೈ ಚಾಚಿದರು.

"ನನಗಿಲ್ಲೇನು?"

ಚಾಚಿ ನನ್ನ ಮುಖ ನೋಡಿದರು. ನಾನು ಹಿಂದಿಯಲ್ಲಿ ಹೇಳುವ ಮೊದಲೇ ಅವರಿಗೆ ತಿಳಿದುಹೋಗಿತ್ತು. ಅತ್ತೆ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ನಿಧಾನವಾಗಿ ಕುಡಿದರು.

ಬಾಯ್ಲರ್ ಹಾಗೆಯೇ ಹೊಟ್ಟಿನ ಮೇಲೆ ನಡೆಯಿತು. ಆಮೇಲಾಮೇಲೆ ಉಳಿದ ಕಾರ್ಖಾನೆಯವರೂ ಸಾ ಮಿಲ್ಲುಗಳ ಬಾಗಿಲಿಗೆ ಹೋಗತೊಡಗಿದರು, ಪುಕ್ಕಟೆ ಸಿಗುವುದು ನಿಂತಿತು. ಚಾಚಾ ಮಾತ್ರ ಮತ್ತೆ ಕಲ್ಲಿದ್ದಲಿಗೆ ಹೋಗಲಿಲ್ಲ. ಆ ದಶಕ ಮುಗಿಯುವ ಹೊತ್ತಿಗೆ ನಮ್ಮವರಿಗೆ ಹುಬ್ಬಳ್ಳಿಯಲ್ಲಿ ಕೆಲಸ ಸಿಕ್ಕಿತು. ಸ್ಟೇಶನ್ನಿಗೆ ಚಾಚಾ, ಚಾಚಿ ಇಬ್ಬರೂ ಬಂದಿದ್ದರು. ಇಬ್ಬರು ಮುದುಕಿಯರು ಬೆಂಚಿನ ಮೇಲೆ ಕೈ ಹಿಡಿದುಕೊಂಡು ಕೂತು, ತಮ್ಮದೇ ಒಂದು ಕಲಬೆರಕೆ ಭಾಷೆಯಲ್ಲಿ ಮಾತಾಡಿದರು. ಗಾಡಿ ಬಿಡುವಾಗ ಚಾಚಿ ಅತ್ತೆಯ ಮಡಿಲಿಗೆ ಒಂದು ಗಂಟು ಹಾಕಿದರು.

ವರ್ಧಾ ದಾಟಿದ ಮೇಲೆ ಅತ್ತೆ ಗಂಟು ಬಿಚ್ಚಿದರು. ಬಾಳೆಹಣ್ಣು, ಹುರಿದ ಶೇಂಗಾ, ಬೆಲ್ಲ. ಅತ್ತೆಯ ಮಡಿಗೆ ಅಡ್ಡಬರುವ, ಬೇಯಿಸಿದ್ದು ಒಂದೂ ಇರಲಿಲ್ಲ. ಅತ್ತೆ ಶೇಂಗಾದ ಒಂದು ಕಾಳು ಕೈಯಲ್ಲಿ ಹಿಡಿದುಕೊಂಡು ಕಿಟಕಿಯ ಆಚೆ ನೋಡುತ್ತಿದ್ದರು.

"ರೊಟ್ಟಿ ಕೊಟ್ಟಿದ್ರೂ ತಿಂತಿದ್ನಲ್ಲ," ಎಂದರು.